ಅಮ್ಮನ ಕೈ ಮತ್ತು ಅಡುಗೆಮನೆಯ ಟ್ರಿಪ್ಪರ್

ಮೊನ್ನೆ ಮೇಜಿನ ಖಾನೆಯಲ್ಲಿ ಕನ್ನಡಕದ ಡಬ್ಬಿ ಹುಡುಕುತ್ತಿದ್ದಾಗ ಒಂದು ಹಳೇ ಬೆಂಕಿಪೊಟ್ಟಣ ಕೈಗೆ ಸಿಕ್ಕಿತು. ತೆರೆದರೆ ಒಳಗೆ ಕಡ್ಡಿಗಳಿರಲಿಲ್ಲ. ಯಾರದೋ ಲಗ್ನಪತ್ರಿಕೆಯ ರಟ್ಟಿನ ತುಂಡಿಗೆ ನೀಟಾಗಿ ಸುತ್ತಿಟ್ಟ ಫ್ಯೂಸ್ ತಂತಿ. ಅಪ್ಪನ ಕೈಕೆಲಸ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಮನೆಯಲ್ಲಿ ಫ್ಯೂಸು ಎಂಬುದೇ ಇಲ್ಲವಾಗಿ ಆರು ತಿಂಗಳಾಯಿತು. ತಂತಿ ಮಾತ್ರ ಹಾಗೇ ಮಿರುಗುತ್ತಾ ಕೂತಿದೆ.

ನೋಡಿ ನಗು ಬಂತು. ಆದರೂ ಎಸೆಯಲು ಮನಸ್ಸಾಗದೆ ಪೊಟ್ಟಣವನ್ನು ಮತ್ತೆ ಖಾನೆಯಲ್ಲೇ ಇಟ್ಟೆ. ಯಾಕೆ ಎಂದು ಹೇಳಬೇಕಾದರೆ ನಮ್ಮ ಅಡುಗೆಮನೆಯ ಟ್ರಿಪ್ಪರಿನ ಕಥೆ ಹೇಳಬೇಕು. ಆದರೆ ಟ್ರಿಪ್ಪರಿಗೆ ಮುಂಚೆ ಫ್ಯೂಸು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು ನಾನು, ಯಾವುದನ್ನೇ ಆಗಲಿ ಬುಡದಿಂದ ಹಿಡಿಯದಿದ್ದರೆ ನನಗೆ ಮಾತು ಹೊರಡುವುದಿಲ್ಲ. ನನ್ನ ಹೆಂಡತಿ ಸುಮಿತ್ರ ಇದನ್ನು ಸಹಿಸಿಕೊಂಡಿದ್ದಾಳೆ, ನೀವೂ ಸ್ವಲ್ಪ ಸಹಿಸಿಕೊಳ್ಳಿ.

ಚಿಕ್ಕಂದಿನಲ್ಲಿ ನಾವು ಬೆಂಗಳೂರಿನ ಇದೇ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಎದುರುಬದುರಾಗಿ ಆರು ಮನೆ, ನಡುವೆ ಒಂದು ನಲ್ಲಿ. ಅಪ್ಪ ಹತ್ತಿರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಸಂಜೆ ದೀಪ ಹೋದರೆ ನೀವು ಮೊದಲು ಏನು ಮಾಡುತ್ತಿದ್ದಿರೋ ನನಗೆ ತಿಳಿಯದು, ನಾವಂತೂ ಬಾಗಿಲಿಗೆ ಓಡಿ ಎದುರು ಮನೆ ನೋಡುತ್ತಿದ್ದೆವು. ಅಲ್ಲೂ ಕತ್ತಲೆಯಿದ್ದರೆ "ಹೋ, ಎಲ್ಲರ ಮನೇದೂ ಹೋಗಿದೆ!" ಎಂದು ಸಂಭ್ರಮವೋ ಸಂಭ್ರಮ. ಹೋಂವರ್ಕಿಗೆ ರಜ, ಹೆಂಗಸರಿಗೆ ಜಗಲಿಯ ಮೇಲೆ ಹರಟೆ, ಹುಡುಗರಿಗೆ ಕಣ್ಣಾಮುಚ್ಚಾಲೆ. ಎದುರು ಮನೆಯಲ್ಲಿ ದೀಪ ಉರಿಯುತ್ತಿದ್ದರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು. ಅಂದರೆ ಹೋಗಿರುವುದು ನಮ್ಮ ಮನೆಯ ಫ್ಯೂಸು, ಅಂದರೆ ಈಗ ವಿಚಾರಣೆ ಶುರು.

"ಯಾರು ಏನು ಹಾಕಿದ್ರಿ? ನಿಜ ಹೇಳಿ" ಎಂದು ಅಪ್ಪ ನಡುಮನೆಯಲ್ಲಿ ನಿಂತು ಕೇಳುತ್ತಿದ್ದರು. ಕಾರಣ ತಿಳಿಯದೆ ಹೊಸ ತಂತಿ ಕಟ್ಟಬಾರದು ಎನ್ನುವುದು ಅವರ ನೇಮ. ತಪ್ಪೊಪ್ಪಿಗೆ ಆಗುವವರೆಗೂ ಅವರು ಸ್ಟೂಲು ಹತ್ತುತ್ತಿರಲಿಲ್ಲ. ಒಂದು ಸಲ ನಾನು ಟಾರ್ಚಿನ ಬಲ್ಬಿಗೆ ಎರಡು ತಂತಿ ಸುತ್ತಿ ಪ್ಲಗ್ಗಿನ ತೂತಿಗೆ ಸಿಕ್ಕಿಸಿಬಿಟ್ಟಿದ್ದೆ. ಬಲ್ಬು ಪಟ್ಟೆಂದಿತು, ಮನೆ ಕತ್ತಲಾಯಿತು, ನಾನು ಸುಟ್ಟ ಬಲ್ಬನ್ನು ಚಡ್ಡಿ ಜೇಬಿಗೆ ತುರುಕಿಕೊಂಡೆ. ಅಪ್ಪ ಎರಡನೇ ಸಲ ಕೇಳಿದಾಗ ಅಡುಗೆಮನೆಯಿಂದ ಅಮ್ಮನ ದನಿ ಬಂತು: "ನಾನೇ ಕಣ್ರೀ, ಇಸ್ತ್ರಿಪೆಟ್ಟಿಗೆ ಹಾಕಿದ್ದೆ." ಇಸ್ತ್ರಿಪೆಟ್ಟಿಗೆ ಮಂಚದ ಕೆಳಗೆ ತಣ್ಣಗೆ ಕೂತಿತ್ತು. ಅಪ್ಪ ಅವಳಿಗೆ ಒಂದಷ್ಟು ಮಂಗಳಾರತಿ ಎತ್ತಿ, ಸ್ಟೂಲು ಹತ್ತಿ, ಪಿಂಗಾಣಿಯ ಫ್ಯೂಸು ಕಿತ್ತು ತಂತಿ ಕಟ್ಟಿದರು. ಅಮ್ಮ ಕೆಳಗೆ ನಿಂತು ಟಾರ್ಚು ಹಿಡಿದಿದ್ದಳು. "ಬೆಳಕು ಕೈ ಮೇಲೆ ಬಿಡೇ, ನನ್ನ ಮುಖದ ಮೇಲಲ್ಲ" ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು. ಆಮೇಲೆ ಅಮ್ಮ ನನ್ನ ತಲೆಗೆ ಒಂದು ಮೊಟಕಿದಳು, ಅಷ್ಟೆ. ಆ ಬಲ್ಬಿನ ಸುದ್ದಿ ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಅಮ್ಮನ ಕೈಯ ವಿಷಯ. ನಮ್ಮ ಬೀದಿಯಲ್ಲಿ ಅವಳ ಹೆಸರಿಗಿಂತ ಅವಳ ಕೈಗುಣ ಹೆಚ್ಚು ಪ್ರಸಿದ್ಧ. ಒರಳುಕಲ್ಲಿನ ಕಾಲದಿಂದಲೂ ಅಷ್ಟೇ. ಬಲಗೈಯಲ್ಲಿ ಗುಂಡು ತಿರುಗಿಸುತ್ತಾ ಎಡಗೈಯಲ್ಲಿ ಹಿಟ್ಟು ಒಳಕ್ಕೆ ತಳ್ಳುತ್ತಾ, ಪಕ್ಕದ ಮನೆಯವರ ಜೊತೆ ಮಾತು ನಿಲ್ಲಿಸದೆ ರುಬ್ಬುತ್ತಿದ್ದಳು. ರುಬ್ಬಿದ ಮೇಲೆ ಉಪ್ಪು ಹಾಕಿ ಕೈಯಲ್ಲೇ ಕಲಸಬೇಕು, ಸೌಟಿನಲ್ಲಿ ಕಲಸಿದರೆ ಹಿಟ್ಟು ಉಬ್ಬುವುದಿಲ್ಲ ಎನ್ನುತ್ತಿದ್ದಳು. ಅಪ್ಪ ನಿವೃತ್ತರಾದ ವರ್ಷ ಕೊಯಮತ್ತೂರಿನ ಗ್ರೈಂಡರು ಬಂತು. ಆಟೋದಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೊಮ್ಮಗುವನ್ನು ಕರೆತರುವ ಹಾಗೆ ಅಪ್ಪ ತಂದಿದ್ದರು. ಕಲ್ಲು ತಿರುಗಿಸುವ ಕೆಲಸ ಕರೆಂಟಿಗೆ ಹೋಯಿತು, ಕಲಸುವ ಕೆಲಸ ಅಮ್ಮನ ಬಳಿಯೇ ಉಳಿಯಿತು. ಬೀದಿಯ ಎಷ್ಟೋ ಮನೆಗಳಿಂದ ಈಗಲೂ "ಅಜ್ಜಿ, ಹೆಪ್ಪಿಗೆ ಒಂದು ಲೋಟ ಹಿಟ್ಟು ಕೊಡಿ" ಎಂದು ಬರುತ್ತಾರೆ. ಎಂಬತ್ತೆರಡರ ಅಮ್ಮನಿಗೆ ಮಂಡಿ ಕೈಕೊಟ್ಟಿದೆ, ಕಿವಿ ಅರ್ಧ ಕೈಕೊಟ್ಟಿದೆ, ಹಿಟ್ಟು ಮಾತ್ರ ಇವತ್ತಿಗೂ ಪಾತ್ರೆ ಮೀರಿ ಉಬ್ಬುತ್ತದೆ.

ಕಳೆದ ಭಾದ್ರಪದದಲ್ಲಿ ಅಡುಗೆಮನೆ ರಿಪೇರಿ ಮಾಡಿಸಿದೆವು. ಹಳೇ ವೈರು ಕಿತ್ತು, ಹೊಸ ಸ್ವಿಚ್ ಬೋರ್ಡು ಹಾಕಿಸಿ, ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಟ್ರಿಪ್ಪರ್ ಕೂರಿಸಿದರು. ಎಲ್ಲಾದರೂ ಚೂರು ಕರೆಂಟು ಸೋರಿದರೂ ತಾನೇ ಟಕ್ಕೆಂದು ಬಿದ್ದು ಲೈನು ಕಡಿಯುತ್ತದೆ, ಯಾರಿಗೂ ಷಾಕು ಹೊಡೆಯುವುದಿಲ್ಲ. ನನಗೆ ಅದರ ಮೇಲೆ ಬಹಳ ಪ್ರೀತಿ ಹುಟ್ಟಿತು. ಬಂದವರಿಗೆಲ್ಲ ಪೆಟ್ಟಿಗೆ ತೆರೆದು ತೋರಿಸಿ, ಕೇಳದಿದ್ದರೂ ಪಾಠ ಮಾಡಿದೆ.

ತಿಂಗಳೊಪ್ಪತ್ತಿಗೆ ಆಯುಧಪೂಜೆ ಬಂತು. ಅಪ್ಪನ ಪ್ರೆಸ್ಸಿನಲ್ಲಿ ಆ ದಿನ ಯಂತ್ರಗಳಿಗೆಲ್ಲ ಗಂಧ, ಕುಂಕುಮ, ಚೆಂಡುಹೂವು, ಆಮೇಲೆ ಕಡಲೆಪುರಿ. ಮನೆಗೆ ಬಂದು ಅಪ್ಪ ಈಳಿಗೆಮಣೆಗೆ, ಸೈಕಲ್ಲಿಗೆ, ನನ್ನ ಜಾಮಿಟ್ರಿ ಬಾಕ್ಸಿಗೆ ಎಲ್ಲಕ್ಕೂ ಬೊಟ್ಟಿಡುತ್ತಿದ್ದರು. ಆ ವಂಶದ ಕುಡಿ ನಾನು. ಸ್ಕೂಟರು, ಫ್ರಿಜ್ಜು, ವಾಷಿಂಗ್ ಮಷೀನು, ಮಿಕ್ಸಿ, ಇಂಟರ್ನೆಟ್ಟಿನ ಡಬ್ಬಿ, ಯಾವುದನ್ನೂ ಬಿಡುವವನಲ್ಲ. "ರೀ, ಟೀವಿ ರಿಮೋಟಿಗೂ ಇಟ್ಬಿಡಿ, ಪಾಪ ಬೇಜಾರು ಮಾಡ್ಕೊಳತ್ತೆ" ಎಂದು ಸುಮಿತ್ರ ಪ್ರತಿ ವರ್ಷ ಅಣಕಿಸುತ್ತಾಳೆ. ನಾನು ರಿಮೋಟಿಗೂ ಇಡುತ್ತೇನೆ.

ಸಂಭ್ರಮ ಮುಗಿದು ವಾರ ಕಳೆದಿತ್ತು. ಬೆಳಿಗ್ಗೆ ಅಮ್ಮ ನೆನೆಹಾಕಿದ ಉದ್ದಿನಬೇಳೆ ಗ್ರೈಂಡರಿಗೆ ಸುರಿದು ಸ್ವಿಚ್ ಹಾಕಿದಳು. ಟಕ್! ಫ್ರಿಜ್ಜು ನಿಂತಿತು, ಫ್ಯಾನು ನಿಂತಿತು. ನಾನು ಹೋಗಿ ಟ್ರಿಪ್ಪರನ್ನು ಮೇಲೆತ್ತಿದೆ. ಅಮ್ಮ ಮತ್ತೆ ಹಾಕಿದಳು. ಟಕ್! ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಅರ್ಧ ರುಬ್ಬಿದ ಬೇಳೆ, ನಿಂತ ಫ್ಯಾನು, ಸುಮಿತ್ರಳ ಮುಖದ ಮೇಲೆ ಸಿಡುಕು.

ಇಂಥ ಸಂದರ್ಭಕ್ಕೇ ಅಲ್ಲವೇ ದೇವರು ವಿಜ್ಞಾನದ ಮೇಷ್ಟ್ರುಗಳನ್ನು ಸೃಷ್ಟಿಸಿರುವುದು! ನಾನು ಒಂದು ನೋಟ್ ಪುಸ್ತಕ ತೆಗೆದು, ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡಿನ ಹಾಗೆಯೇ ಬರೆದೆ. ಉದ್ದೇಶ: ಟ್ರಿಪ್ಪರ್ ಬೀಳುವ ಕಾರಣವನ್ನು ಕಂಡುಹಿಡಿಯುವುದು. ವಿಧಾನ: ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಒಂದೊಂದಾಗಿ ಹಾಕಿ ನೋಡುವುದು. ಮಧ್ಯಾಹ್ನ ಊಟವಾದ ಮೇಲೆ ಪ್ರಯೋಗ ಶುರು ಮಾಡಿದೆ. ಫ್ರಿಜ್ಜು, ಸರಿ. ಮಿಕ್ಸಿ, ಸರಿ. ನೀರಿನ ಫಿಲ್ಟರ್, ಸರಿ. ಗ್ರೈಂಡರನ್ನು ಅದರದೇ ಪ್ಲಗ್ಗಿಗೆ ಹಾಕಿದೆ, ಸುಖವಾಗಿ ತಿರುಗಿತು. ಹತ್ತು ನಿಮಿಷ ಓಡಿಸಿದೆ, ಏನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ಹಾಕಿದಳು. ಟಕ್!

ಅಲ್ಲಿಗೆ ಮೇಷ್ಟ್ರ ಬುದ್ಧಿ ಚುರುಕಾಯಿತು. ನಾನು ಹಾಕಿದರೆ ಬೀಳುವುದಿಲ್ಲ, ಅಮ್ಮ ಹಾಕಿದರೆ ಬೀಳುತ್ತದೆ. ವ್ಯತ್ಯಾಸ ಏನು? ಅಮ್ಮನ ಕೈ. ಬೇಳೆ ತೊಳೆದ ಕೈ, ಸದಾ ಒದ್ದೆ. ನೋಟ್ ಪುಸ್ತಕದಲ್ಲಿ "ತೀರ್ಮಾನ" ಎಂದು ಬರೆದು ಕೆಳಗೆ ಗೆರೆ ಎಳೆದೆ. ಎಳೆಯುವಾಗ ಖುಷಿಯಾಗಿತ್ತು ಎಂದು ನಾಚಿಕೆಯಿಂದಲೇ ಹೇಳುತ್ತೇನೆ.

"ಅಮ್ಮ, ನೀನು ಒದ್ದೆ ಕೈಯಲ್ಲಿ ಸ್ವಿಚ್ ಹಾಕ್ತಿದೀಯ. ಅದಕ್ಕೇ ಬೀಳ್ತಿರೋದು" ಎಂದೆ.

"ಸೆರಗಲ್ಲಿ ಒರೆಸ್ಕೊಂಡೇ ಹಾಕ್ದೆ ಕಣೋ ನಾಗು."

"ಒರೆಸಿದ್ರೂ ತೇವ ಇರತ್ತಮ್ಮ. ನಿನ್ನ ಕೈ ಬೇರೆ ನಡುಗತ್ತೆ, ನೀರು ಎಲ್ಲೆಲ್ಲೋ ಚೆಲ್ಲತ್ತೆ. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಹೇಳೋಣ?"

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮೂವತ್ತು ವರ್ಷದ ಚಾಳಿ, ನೀರು ವಿದ್ಯುದ್ವಾಹಕ ಎಂಬಲ್ಲಿಂದ ಹಿಡಿದು ಒದ್ದೆ ಚರ್ಮದ ಮೂಲಕ ಕರೆಂಟು ಹೇಗೆ ನೆಲಕ್ಕೆ ಇಳಿಯುತ್ತದೆ ಎಂಬಲ್ಲಿಯವರೆಗೆ ನಿಂತುಕೊಂಡೇ ಪಾಠ ಮಾಡಿದೆ. ಸುಮಿತ್ರಳೂ ದನಿಗೂಡಿಸಿದಳು. "ಹೌದು ಅತ್ತೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ನೀವು ಹಾಯಾಗಿ ಕೂತ್ಕೊಳಿ. ಈಗ ರೆಡಿ ಹಿಟ್ಟಿನ ಪ್ಯಾಕೆಟ್ಟೇ ಸಿಗತ್ತಲ್ಲ."

ಅಮ್ಮ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಆಡಿದ್ದರೆ ಚೆನ್ನಾಗಿತ್ತು. ಅವಳು ಬಲ ಅಂಗೈಯನ್ನು ಮುಂದೆ ಹಿಡಿದು ಒಮ್ಮೆ ನೋಡಿಕೊಂಡಳು, ಆಮೇಲೆ ಎಡ ಅಂಗೈ. "ಸರಿ ಬಿಡಪ್ಪ" ಎಂದು ಹಾಲಿಗೆ ಹೋಗಿ ಕೂತಳು.

ಪ್ಯಾಕೆಟ್ ಹಿಟ್ಟು ಬಂತು. ಗ್ರೈಂಡರಿಗೆ ಹಳೇ ಟವಲು ಹೊದಿಸಿಟ್ಟೆವು. ಆ ಪ್ಲಗ್ಗನ್ನು ಯಾರೂ ಮುಟ್ಟಲಿಲ್ಲ, ಟ್ರಿಪ್ಪರೂ ಬೀಳಲಿಲ್ಲ. ನೋಡಿದೆಯಾ ನನ್ನ ತೀರ್ಮಾನ ಎಷ್ಟು ಸರಿ ಎಂದು ನಾನು ಬೀಗಿದೆ. ದೋಸೆ ಮಾತ್ರ ರಬ್ಬರಿನ ಹಾಗಿತ್ತು. ಬೇರೆ ದಿನಗಳಲ್ಲಾದರೆ ಅಮ್ಮ ಮೊದಲ ತುತ್ತಿಗೇ "ಇದೇನು ದೋಸೆಯೋ ಚಪ್ಪಲಿಯೋ" ಎನ್ನುತ್ತಿದ್ದಳು. ಈಗ ತಟ್ಟೆಗೆ ಹಾಕಿದ್ದನ್ನು ತಿಂದು ಕೈ ತೊಳೆದುಕೊಂಡಳು. ಅಡುಗೆಮನೆಯ ಹೊಸ್ತಿಲಿನ ಹೊರಗೇ ನಿಂತು "ಒಂದು ಲೋಟ ನೀರು ಕೊಡಮ್ಮ ಸುಮಿತ್ರ" ಎನ್ನತೊಡಗಿದಳು. ನನಗೆ ಇದು ಕಂಡಿತು. ಕಂಡರೂ, ಎರಡು ದಿನ ಮುನಿಸು, ಸರಿಹೋಗುತ್ತದೆ ಎಂದು ಪೇಪರು ಓದುತ್ತಾ ಕೂತೆ.

ಒಂದು ದಿನ ಮೂಲೆ ಮನೆಯ ಹೆಂಗಸು ಲೋಟ ಹಿಡಿದು ಬಾಗಿಲಿಗೆ ಬಂದರು. ಅಮ್ಮ ಅವರಿಗೆ ಹೇಳಿದ್ದು ರೂಮಿನಲ್ಲಿದ್ದ ನನಗೆ ಕೇಳಿಸಿತು. "ನಾನು ರುಬ್ಬೋದು ಬಿಟ್ಬಿಟ್ಟೆ ಕಣಮ್ಮ. ನನ್ನ ಕೈ ಸರಿಯಿಲ್ಲ ಈಗ. ನಾನು ಮುಟ್ಟಿದ್ರೆ ಮನೆ ಕರೆಂಟೇ ಹೋಗತ್ತೆ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವೆಂದೇ ನಂಬಿದ್ದಳು. ಮಗ ಓದಿದವನು, ಮೇಷ್ಟ್ರು, ಅವನು ಹೇಳಿದ ಮೇಲೆ ಇನ್ನೇನು?

ಕಾರ್ತಿಕ ಮುಗಿಯುತ್ತಾ ಬಂದಿದ್ದ ಒಂದು ಸೋಮವಾರ. ಅಮ್ಮ ಗವಿಪುರದ ಗುಹೆಯ ದೇವಸ್ಥಾನಕ್ಕೆ ಹೋಗಿಬಂದು ಹಾಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಸುಮಿತ್ರ ಕುಕ್ಕರಿನ ಪಕ್ಕದಲ್ಲೇ ಇದ್ದ ಗ್ರೈಂಡರಿನ ಆ ಪ್ಲಗ್ಗಿಗೆ ಮಿಕ್ಸಿ ಸಿಕ್ಕಿಸಿ ಚಟ್ನಿಗೆ ಹಾಕಿದಳು. ಕುಕ್ಕರು ಉಸ್ಸೆಂದು ಹಬೆ ಬಿಟ್ಟಿತು. ಟಕ್!

ನಾನು ರೂಮಿನಿಂದ ಎದ್ದು ಬರುವಷ್ಟರಲ್ಲೇ ಅಮ್ಮ ಎರಡೂ ಕೈ ಮೇಲೆತ್ತಿ ತೋರಿಸುತ್ತಿದ್ದಳು. "ನಾನಲ್ಲಪ್ಪ, ನಾನು ಇಲ್ಲೇ ಇದೀನಿ. ಏನೂ ಮುಟ್ಟಿಲ್ಲ" ಎಂದಳು.

ಕ್ಲಾಸಿನಲ್ಲಿ ಏನಾದರೂ ಒಡೆದರೆ ಹಿಂದಿನ ಬೆಂಚಿನ ಹುಡುಗರು ಹೀಗೆಯೇ ಕೈ ಎತ್ತುತ್ತಿದ್ದರು. ಈಗ ನನ್ನ ತಾಯಿ ನನ್ನೆದುರು ಹಾಗೆ ಕೂತಿದ್ದಳು. ಅವತ್ತೇ ನಯಾಜನಿಗೆ ಫೋನು ಮಾಡಿದೆ.

ನಯಾಜ್ ನನ್ನ ಹಳೇ ವಿದ್ಯಾರ್ಥಿ, ಎರಡು ರಸ್ತೆಯಾಚೆ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿದ್ದಾನೆ, ಈಗ ಅವನ ಗಡ್ಡದಲ್ಲೂ ಬೆಳ್ಳಿ ಇಣುಕಿದೆ. ವಿದ್ಯುತ್ತಿನ ಪಾಠದಲ್ಲಿ ನೂರಕ್ಕೆ ಹನ್ನೆರಡು ತೆಗೆದಿದ್ದ. "ನೀನು ಬಲ್ಬು ಹಾಕೋಕೂ ಲಾಯಕ್ಕಿಲ್ಲ ಕಣೋ" ಎಂದು ಇಡೀ ಕ್ಲಾಸಿನ ಎದುರು ಅವನಿಗೆ ಹೇಳಿದವನು ನಾನೇ. ಅದಕ್ಕೇ ಇಷ್ಟು ದಿನ ಅವನನ್ನು ಕರೆಯಲು ಮನಸ್ಸು ಬಂದಿರಲಿಲ್ಲ, ಸುಳ್ಳೇಕೆ ಹೇಳಲಿ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ನಾನು ನೋಟ್ ಪುಸ್ತಕ ಕೊಟ್ಟೆ. ಗೌರವದಿಂದ ಒಂದು ಪುಟ ಓದಿದ. "ಚೆನ್ನಾಗಿ ಬರ್ದಿದೀರ ಸಾರ್" ಎಂದು ಕಟ್ಟೆಯ ಮೇಲಿಟ್ಟ. ಮೈನ್ ಆಫ್ ಮಾಡಿ ಆ ಪ್ಲಗ್ಗಿನ ಬೋರ್ಡಿಗೆ ಟಾರ್ಚು ಬಿಟ್ಟ. ತೂತುಗಳಿಗೆ ಕಣ್ಣಿಟ್ಟು ನೋಡಿದ. ಆಮೇಲೆ ಒಂದು ಥರ ಸಂಕೋಚದಲ್ಲಿ ನನ್ನ ಕಡೆ ತಿರುಗಿದ.

"ಸಾರ್, ತಪ್ಪು ತಿಳ್ಕೋಬೇಡಿ. ಹಬ್ಬಕ್ಕೆ ಇದಕ್ಕೂ ಪೂಜೆ ಮಾಡಿದ್ರಾ?"

"ಮಾಡಿದ್ದೆ. ಯಾಕೆ?"

"ಕುಂಕುಮ ಒಳಗಡೆ ಹೋಗಿದೆ ಸಾರ್."

ಬಗ್ಗಿ ನೋಡಿದೆ. ಆಗ ನೆನಪಾಯಿತು. ಮೂರು ತೂತಿನ ಹೊಸ ಪ್ಲಗ್ ಪಾಯಿಂಟು, ಹಬ್ಬದ ದಿನ ಅಚ್ಚುಕಟ್ಟಾದ ಪುಟ್ಟ ಮುಖದ ಹಾಗೆ ಕಂಡಿತ್ತು. ಬೇರೆಯದಕ್ಕೆಲ್ಲ ಮೈಮೇಲೆ ಬೊಟ್ಟಿಟ್ಟವನು ಇದಕ್ಕೆ ವಿಶೇಷ ಮರ್ಯಾದೆಯೆಂದು ನಟ್ಟನಡು ಹಣೆಗೆ, ಗಂಧದಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಮೆತ್ತಿದ್ದೆ. ಅದು ಮೇಲಿನ ಅರ್ತಿನ ತೂತಿಗೂ ಬಲಗಡೆಯ ಕರೆಂಟಿನ ತೂತಿಗೂ ಇಳಿದು ಗಟ್ಟಿಯಾಗಿ ಕೂತಿತ್ತು.

"ಒಣಗಿದ್ದಾಗ ಏನೂ ಆಗಲ್ಲ ಸಾರ್. ತೇವ ತಗುಲಿದ್ರೆ ಕರೆಂಟು ಇದರ ಮೇಲೇ ಅರ್ತ್‌ಗೆ ಹೋಗತ್ತೆ. ಹಬೆ ಬಂದ್ರೂ ಸಾಕು, ಒದ್ದೆ ಬಟ್ಟೇಲಿ ಒರೆಸಿದ್ರೂ ಸಾಕು" ಎಂದ.

ಅಮ್ಮ ರುಬ್ಬುವ ಮುಂಚೆ ಕಟ್ಟೆಯನ್ನೂ ಬೋರ್ಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ. ಐವತ್ತು ವರ್ಷದಿಂದ ಒರೆಸುತ್ತಿದ್ದಾಳೆ, ಶುದ್ಧವಾಗಿರಲಿ ಎಂದು. ನಾನು ಪ್ರಯೋಗ ಮಾಡಿದ್ದು ಮಧ್ಯಾಹ್ನ, ಎಲ್ಲ ಒಣಗಿದ ಮೇಲೆ. ಹನ್ನೆರಡು ಅಂಕ ತೆಗೆದವನು ಎರಡು ನಿಮಿಷದಲ್ಲಿ ಹೇಳಿದ್ದನ್ನು, ಅಂಕ ಕೊಟ್ಟವನು ದಿನಗಟ್ಟಲೆ ತಡಕಾಡಿ ತಾಯಿಯ ತಲೆಗೆ ಕಟ್ಟಿದ್ದ. ನಾನು ಸುಟ್ಟ ಫ್ಯೂಸನ್ನು ಯಾರೂ ಹೇಳದೆಯೇ ತನ್ನ ಮೇಲೆ ಹಾಕಿಕೊಂಡವಳ ತಲೆಗೆ!

ನಯಾಜ್ ಸಣ್ಣ ಬ್ರಷ್ಷಿನಲ್ಲಿ ಕುಂಕುಮ ಕೆರೆದು ತೆಗೆದ. ಅದನ್ನು ಕೆಳಗೆ ಬೀಳಿಸದೆ ಒಂದು ಕಾಗದದಲ್ಲಿ ಹಿಡಿದು, ಮಡಿಸಿ ನನ್ನ ಕೈಗೆ ಕೊಟ್ಟ. "ಕಾಲಿಗೆ ಸಿಗೋ ಕಡೆ ಹಾಕ್ಬೇಡಿ ಸಾರ್, ಗಿಡದ ಬುಡಕ್ಕೆ ಹಾಕ್ಬಿಡಿ" ಎಂದ. ಹಳೇ ಪಾಯಿಂಟು ಬಿಚ್ಚಿ ಹೊಸದು ಕೂರಿಸಿದ. ಬೇಕೆಂದೇ ಒದ್ದೆ ಬಟ್ಟೆಯಿಂದ ಸುತ್ತ ಒರೆಸಿ, ಗ್ರೈಂಡರ್ ಹಾಕಿಸಿ ತೋರಿಸಿದ. ಟ್ರಿಪ್ಪರ್ ಅಲ್ಲಾಡಲಿಲ್ಲ. ಸುಮಿತ್ರ ಅವನಿಗೆ ಕಾಫಿ ಕೊಡುತ್ತಾ ನನ್ನತ್ತ ಒಂದು ನೋಟ ಬೀರಿದಳು. ಆ ನೋಟದ ವಿವರ ಇಲ್ಲಿ ಬೇಡ.

ಅವನು ಹೋದ ಮೇಲೆ ಅಮ್ಮನ ಎದುರು ನೆಲದ ಮೇಲೆ ಕೂತೆ. ಅವರೆಕಾಯಿ ಒಂದೆರಡು ಸುಲಿದೆ. ಇನ್ನೆರಡು ಸುಲಿದೆ.

"ಅಮ್ಮ, ನಿನ್ನ ಕೈಯಿಂದ ಅಲ್ಲಮ್ಮ ಆಗಿದ್ದು. ನಾನೇ ಹಬ್ಬದ ದಿನ ಪ್ಲಗ್ಗೊಳಗೆ ಕುಂಕುಮ ಹಾಕ್ಬಿಟ್ಟಿದ್ದೆ. ತಪ್ಪು ನಂದು. ಸುಮ್ಮಸುಮ್ಮನೆ ನಿನ್ನ ಬೈದೆ."

ಬಯ್ಯಲಿ, ನಾಲ್ಕು ಮಾತು ಜೋರಾಗಿ ಅನ್ನಲಿ ಎಂದು ಕಾದೆ. ಅಮ್ಮ ಕಿವಿ ಮುಂದೆ ಮಾಡಿ ಪೂರ್ತಿ ಕೇಳಿಸಿಕೊಂಡಳು. "ಅಯ್ಯೋ, ದೇವರ ಕುಂಕುಮ ತಾನೇ, ಹೋಗ್ಲಿ ಬಿಡೋ. ಬೇಕೂಂತ ಮಾಡಿದ್ಯಾ?" ಎಂದಳು. ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ, "ಹಾಗಿದ್ರೆ ಇವತ್ತು ಬೇಳೆ ನೆನೆಹಾಕ್ಲಾ?" ಎಂದಳು. ಅವಳ ಮುಖ ಅರಳಿದ್ದು ನೋಡಿ ನನಗೆ ಅಳು ಬರುವ ಹಾಗಾಯಿತು.

ಮಾರನೆಯ ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಟವಲು ತೆಗೆದು ಗ್ರೈಂಡರಿಗೆ ಬೇಳೆ ಸುರಿದಳು. ಕೈ ತೊಳೆದು ಸೆರಗಿನಲ್ಲಿ ಒರೆಸಿಕೊಂಡಳು. ಸ್ವಿಚ್ಚಿನತ್ತ ಕೈ ಚಾಚಿದವಳು ನಿಂತಳು. ಇನ್ನೊಂದು ಸಲ ಒರೆಸಿಕೊಂಡಳು, ಬೆರಳು ಬೆರಳನ್ನೂ ಬಿಡಿಸಿ. ಆಮೇಲೆ ನನ್ನ ಕಡೆ ತಿರುಗಿದಳು.

"ಹಾಕ್ಲೇನೋ ನಾಗು?"

ಈ ಅಡುಗೆಮನೆಯಲ್ಲಿ ಅಮ್ಮ ಯಾರ ಅಪ್ಪಣೆಯನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ಅಪ್ಪನದನ್ನೂ ಕೇಳಿದವಳಲ್ಲ. "ಹಾಕಮ್ಮ" ಎಂದೆ. ಕಲ್ಲು ತಿರುಗಿತು. ಹಿಟ್ಟು ಹಿಂದಿನ ಹಾಗೇ ಪಾತ್ರೆ ಮೀರಿ ಉಬ್ಬಿತು, ಮೂಲೆ ಮನೆಯ ಲೋಟವೂ ಬಂತು.

ಇದಾಗಿ ಮೂರು ತಿಂಗಳಾಯಿತು. ಟ್ರಿಪ್ಪರ್ ಒಮ್ಮೆಯೂ ಬಿದ್ದಿಲ್ಲ. ಕೇಳಬೇಡಮ್ಮ, ನಿನ್ನ ಪಾಡಿಗೆ ನೀನು ಹಾಕು ಎಂದು ಹತ್ತು ಸಲ ಹೇಳಿದ್ದೇನೆ. "ಆಯ್ತು ಬಿಡು" ಎನ್ನುತ್ತಾಳೆ, ಮತ್ತೆ ಕೇಳುತ್ತಾಳೆ. ಅದಕ್ಕೇ ರುಬ್ಬುವ ದಿನ ನಾನು ಬೇಗ ಎದ್ದು ಅಲ್ಲೇ ಸುತ್ತಾಡುತ್ತಿರುತ್ತೇನೆ. ಎಲ್ಲಾದರೂ ಸ್ನಾನಕ್ಕೆ ಹೋಗಿದ್ದರೆ, ಬೇಳೆ ಸುರಿದುಕೊಂಡು, ಕೈ ಒರೆಸಿಕೊಂಡು, ನಾನು ಬರುವವರೆಗೂ ಅಮ್ಮ ಆ ಸ್ವಿಚ್ಚಿನ ಮುಂದೆ ಕಾಯುತ್ತಾ ನಿಂತಿರುತ್ತಾಳೆ.